ಪಕ್ಕದ ಸೀಟು ಖಾಲಿ

ಹೊಟ್ಟೆಕಿಚ್ಚಿಗೆ ಯಾವ ದೇಶವೂ ವೀಸಾ ಕೇಳುವುದಿಲ್ಲ. ವಿಮಾನ ಇಳಿದ ಮರುದಿನವೇ ನನಗದು ಖಾತ್ರಿಯಾಯಿತು.

ನಾನು ಕಂಡಕ್ಟರ್. ಅವರು ಡ್ರೈವರ್. ಒಂಬತ್ತು ವರ್ಷದಿಂದ ಒಂದೇ ಬಸ್ಸು, ಒಂದೇ ರೂಟು. ಅವರು ಕೂತರೆ ನಾನು ನಿಂತಿರುತ್ತೇನೆ, ನಾನು ಕೂತಾಗ ಅವರು ಬಾನೆಟ್ ಎತ್ತಿ ಇಂಜಿನ್ನಿಗೆ ಮುಖ ಕೊಟ್ಟಿರುತ್ತಾರೆ. ಕೊನೆಯ ಸ್ಟಾಪಿನಲ್ಲಿ ಟೀ ಕುಡಿಯುವಾಗ ಮಾತ್ರ ಒಂದು ಕನಸು ಕಾಣುತ್ತಿದ್ದೆವು: ಒಮ್ಮೆ ಫಾರಿನ್ನಿಗೆ ಹೋಗಬೇಕು, ಬೇರೆ ಯಾರೋ ಕರೆದುಕೊಂಡು ಹೋಗಬೇಕು, ನಾವಿಬ್ಬರೂ ಪಕ್ಕಪಕ್ಕ ಕೂತು ಸುಮ್ಮನೆ ಕಿಟಕಿಯಾಚೆ ನೋಡಬೇಕು.

ಕೊನೆಗೂ ದುಡ್ಡು ಕೂಡಿಸಿ ಇಬ್ಬರೂ ಐದು ದಿನದ ಫಾರಿನ್ ಟೂರಿಗೆ ಹೆಸರು ಕೊಟ್ಟೆವು. ಹೊರಡುವ ಹಿಂದಿನ ವಾರ ಅವರಿಗೆ ಬೇರೆ ಡಿಪೋಗೆ ವರ್ಗವಾಯಿತು. ಅಂದರೆ ನನ್ನ ಪಾಲಿಗೆ ಉಳಿದದ್ದು ಈ ಐದು ದಿನ. "ಬರೀ ಫ್ರೆಂಡಾ ಅಕ್ಕಾ?" ಎಂದು ತಂಗಿ ಕಣ್ಣು ಮಿಟುಕಿಸಿದಾಗ, "ಬರೀ ಅಲ್ಲ, ಬಹಳ" ಎಂದು ಬಾಯಿ ಮುಚ್ಚಿಸಿದ್ದೆ.

ಟೂರ್ ಬಸ್ಸು ಬಂತು. ಓಡಿಸುವವಳು ಹೆಂಗಸು! ಬಿಳಿ ಕೈಗವಸು, ಕೆನ್ನೆಯಲ್ಲಿ ಗುಳಿ. ರಸ್ತೆಯಲ್ಲಿ ಒಂದೂ ಇರಲಿಲ್ಲ ನೋಡಿ, ಎಲ್ಲ ಗುಳಿಯೂ ಅವಳ ಕೆನ್ನೆಗೇ ಬಿದ್ದಿತ್ತು. ನಮ್ಮ ಡ್ರೈವರ್ ಸಾಹೇಬರು ನನ್ನ ಬ್ಯಾಗನ್ನು ಮೇಲಿಟ್ಟರು. ನನಗೆ ಕಿಟಕಿ ಪಕ್ಕದ ಸೀಟು ತೋರಿಸಿದರು. ನಂತರ ನೆಟ್ಟಗೆ ಹೋಗಿ ಅವಳ ಪಕ್ಕದ ಚಿಕ್ಕ ಸೀಟಿನಲ್ಲಿ ಕೂತುಬಿಟ್ಟರು.

ಎರಡು ದಿನ! ಇವರ ಭಾಷೆ ಅವಳಿಗೆ ಬಾರದು, ಅವಳದು ಇವರಿಗೆ ಬಾರದು. ಇವರು ಗಾಳಿಯಲ್ಲಿ ಗೇರ್ ಹಾಕಿ ತೋರಿಸುವುದು, ಅವಳು ಗುಳಿ ಬೀಳಿಸುವುದು. ಹೊರಗೆ ಹಿಮ ಸುರಿಯುತ್ತಿತ್ತು, ಒಳಗೆ ನನ್ನ ರೇಡಿಯೇಟರ್ ಕುದಿಯುತ್ತಿತ್ತು.

ಮೂರನೇ ದಿನ ಅವಳು ತನ್ನ ಕೈಗವಸು ಬಿಚ್ಚಿ ಇವರಿಗೆ ಹಾಕಿಕೊಳ್ಳಲು ಕೊಟ್ಟಳು. ಸಾಕು! ಪರ್ಸಿಗೆ ಕೈ ಹಾಕಿದೆ. ಬೇರೆ ಹೆಂಗಸರ ಪರ್ಸಿನಲ್ಲಿ ಲಿಪ್‌ಸ್ಟಿಕ್ ಇರುತ್ತದೆ, ನನ್ನದರಲ್ಲಿ ಸೀಟಿ. ಯೋಚಿಸುವಷ್ಟರಲ್ಲಿ ಊದಿದ್ದೆ, ಒಂದೇ ಉದ್ದ ಸೀಟಿ. ನಮ್ಮ ಬಸ್ಸಿನಲ್ಲಿ ಅದರರ್ಥ: ನಿಲ್ಲಿಸು.

ಓಡಿಸುತ್ತಿದ್ದವಳು ನಿಲ್ಲಿಸಲಿಲ್ಲ. ಓಡಿಸದವರು ಮಾತ್ರ ಇಲ್ಲದ ಬ್ರೇಕನ್ನು ಧಡ್ಡೆಂದು ತುಳಿದರು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅವರು ಕೆಂಪಾಗಿ, ಸೀಟು ಸೀಟು ಹಿಡಿದುಕೊಂಡು ನನ್ನ ಬಳಿ ಬಂದರು.

"ಏನ್ ಕಂಡಕ್ಟರಮ್ಮ, ಯಾರಾದ್ರೂ ಇಳೀಬೇಕಾ?"

"ಹೂಂ. ನೀವು. ಮುಂದಿನ ಸೀಟಿಂದ."

ಪಕ್ಕದಲ್ಲಿ ಕೂತರು. ಮೂರನೇ ದಿನಕ್ಕೆ!

"ಏನು ಅಷ್ಟೊಂದು ಮಾತು ಅವಳ ಹತ್ರ?"

"ಕ್ಲಚ್ಚಿನ ವಿಷಯ..."

"ಎರಡು ದಿನದಿಂದ ಕ್ಲಚ್ಚಾ? ಒಂಬತ್ತು ವರ್ಷದಲ್ಲಿ ನನ್ನ ವಿಷಯ ಎರಡು ನಿಮಿಷ ಮಾತಾಡಿದ್ದೀರಾ?"

ಅವರು ಮೊಣಕಾಲು ನೋಡಿಕೊಂಡರು. "ಒಂದು ಹೇಳ್ತೀನಿ. ನಗಬಾರದು."

"ನಗಲ್ಲ."

"ನನಗೆ ಬಸ್ ಆಗಲ್ಲ."

"ಏನು?!"

"ನಾನೇ ಓಡಿಸಿದ್ರೆ ಏನೂ ಇಲ್ಲ. ಬೇರೆಯವರು ಓಡಿಸಿ, ನಾನು ಹಿಂದೆ ಕೂತ್ರೆ ವಾಂತಿ. ಮುಂದೆ ಕೂತು ರಸ್ತೆ ನೋಡ್ತಿದ್ರೆ ಹೆಂಗೋ ತಡ್ಕೋತೀನಿ. ಡ್ರೈವರ್ ಆಗಿ ಇದನ್ನ ಹೆಂಗೆ ಹೇಳ್ಲಿ?"

ಕೊಟ್ಟ ಮಾತು ಮುರಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

"ಮತ್ತೆ ಬಸ್ಸಲ್ಲಿ ಕೂರೋಣ, ಬಸ್ಸಲ್ಲಿ ಕೂರೋಣ ಅಂತ ಕನಸು ಕಂಡಿದ್ದು ಯಾವ ಪುಣ್ಯಾತ್ಮ?"

"ಬಸ್ಸಲ್ಲಿ ಅಂತ ನಾನೆಲ್ಲಿ ಹೇಳ್ದೆ? ನಿನ್ನ ಪಕ್ಕ ಅಂತ ಹೇಳ್ದೆ."

ನಿನ್ನ! ಒಂಬತ್ತು ವರ್ಷದ 'ನೀವು' ಅಲ್ಲೇ ಇಳಿದುಹೋಯಿತು.

ಬಸ್ಸು ಬೆಟ್ಟದ ತಿರುವು ಹತ್ತತೊಡಗಿತು. ಅವನ ಮುಖ ಸುಣ್ಣದಂತಾಯಿತು.

"ಮುಂದೆ ಹೋಗಿ ಕೂತ್ಕೋ. ನಾನೇನೂ ಅನ್ಕೊಳ್ಳಲ್ಲ."

"ಅನ್ಕೋತೀಯ. ನಾನು ಏಳಲ್ಲ."

"ಅಯ್ಯೋ, ಹಟ ಬೇಡ!"

"ಇಲ್ಲಿ ಕೇಳು," ಎಂದ, ಕರವಸ್ತ್ರ ಬಾಯಿಗೆ ಒತ್ತಿಕೊಂಡು. "ಡಿಪೋ ಬೇರೆ ಆದ್ರೆ ಆಗ್ಲಿ. ಮನೆ... ಮನೆ ಒಂದೇ ಮಾಡ್ಕೊಳ್ಳೋಣ್ವಾ?"

ಪ್ರೀತಿಯ ಮಾತಿಗೆ ಎಂಥ ಹೊತ್ತು! ನಾನು ಬಾಯಿ ತೆರೆಯುವ ಮೊದಲೇ ಅವನು ಬಾಯಿ ಮುಚ್ಚಿಕೊಂಡು ಬಾಗಿಲಿಗೆ ಓಡಿದ. ಕನ್ನಡಿಯಲ್ಲಿ ನೋಡಿದವಳು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿದಳು.

ರಸ್ತೆ ಬದಿಯ ಹಿಮದಲ್ಲಿ ಬಗ್ಗಿ ನಿಂತಿದ್ದ ಅವನ ಹಣೆಯನ್ನು ಒಂದು ಕೈಯಲ್ಲಿ ಹಿಡಿದೆ, ಇನ್ನೊಂದರಲ್ಲಿ ಬೆನ್ನು ನೀವಿದೆ. ಟೀ ಲೋಟ ಕೊಡುವ ನೆಪವೂ ಇಲ್ಲದೆ ಅವನನ್ನು ಮುಟ್ಟಿದ್ದು ಅದೇ ಮೊದಲು.

"ಹೂಂ, ಮಾಡ್ಕೊಳ್ಳೋಣ," ಎಂದೆ, ಅವನ ಬೆನ್ನಿಗೆ.

ಬಗ್ಗಿದ್ದವನು ಅಷ್ಟರಲ್ಲೂ ನಕ್ಕ.

ಗುಳಿಕೆನ್ನೆಯವಳು ನೀರಿನ ಬಾಟಲಿ ಹಿಡಿದು ಓಡಿಬಂದಳು. ನೇರ ಅವನ ಕೈಗೇ ನೀಡಲು ಹೋದಳು. ಒಳ್ಳೆಯವಳೇ, ಪಾಪ. ಆದರೂ ನಡುವೆ ಕೈ ಚಾಚಿ ನಾನೇ ಇಸಿದುಕೊಂಡೆ. ಮುಚ್ಚಳ ತೆಗೆದು, ನಾನೇ ಕುಡಿಸಿದೆ.