ದೆವ್ವದ ಮನೆಯ ಅಳಿಯ

ಮಾನ್ಯ ವಾಚಕ ಮಹಾಶಯರೇ, ಪ್ರೇಮವು ಬೆಳದಿಂಗಳಲ್ಲಿಯೂ ಹೂದೋಟದಲ್ಲಿಯೂ ಮಾತ್ರ ಅಂಕುರಿಸುವುದೆಂದು ನಂಬಿರುವ ತಮ್ಮ ಸನ್ನಿಧಿಯಲ್ಲಿ, ಕಗ್ಗತ್ತಲೆಯಲ್ಲಿ, ತಗಡಿನ ಛಾವಣಿಯ ಕೆಳಗೆ, ಪ್ಲಾಸ್ಟಿಕ್ ತಲೆಬುರುಡೆಗಳ ಸಮಕ್ಷಮದಲ್ಲಿ ಚಿಗುರಿದ ಒಂದು ಪ್ರೇಮದ ವೃತ್ತಾಂತವನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಸಾವಧಾನಚಿತ್ತರಾಗಿ ಆಲಿಸಬೇಕು.

ಕಡಲತೀರದ ಆ ಮನರಂಜನಾ ಪಾರ್ಕಿನಲ್ಲಿ ದೆವ್ವದ ಮನೆಯು ಒಂದೇ ಕುಟುಂಬದ ಕೈಯಲ್ಲಿತ್ತು. ಮೊದಲು ಅಜ್ಜಿ ದೆವ್ವವಾಗಿದ್ದಳು, ಆಮೇಲೆ ಅಮ್ಮ. ಈಗ ಮೊಮ್ಮಗಳ ಸರದಿ. ಅಕ್ಕಪಕ್ಕದ ಆಟದವರೆಲ್ಲ ಅವಳನ್ನು ಚಿಕ್ಕದೆವ್ವ ಎಂದೇ ಕರೆಯುತ್ತಿದ್ದರು. ಮೊಣಕಾಲು ಸೋತ ಅಜ್ಜಿ ಟಿಕೆಟ್ ಕಿಟಕಿಯಲ್ಲಿ ಕುಳಿತು, ಕಿವಿಯನ್ನು ಮಾತ್ರ ಒಳಗೇ ಬಿಟ್ಟಿದ್ದಳು. ಒಳಗಿನ ಕಿರುಚಾಟ ಕೇಳಿಯೇ ಮನುಷ್ಯರ ಗುಣ ಹೇಳುವುದು ಅವಳ ವಿದ್ಯೆ.

ಆ ಮನೆಯಲ್ಲಿ ಗಂಡು ನೋಡುವ ಕ್ರಮವೂ ಅದೇ. ತಾತ ಮೊದಲ ಸಲ ಬಂದಾಗ ಕಿರುಚಿದ ರಭಸಕ್ಕೆ ಒಂದು ಚಪ್ಪಲಿ ಬಿಟ್ಟು ಓಡಿದ್ದ. ಅಜ್ಜಿ ಅದನ್ನು ಕೊಡಲು ಹೋಗಿ ಮನಸ್ಸನ್ನೂ ಕೊಟ್ಟು ಬಂದಿದ್ದಳು. ಅಪ್ಪನಂತೂ ಕಿರುಚಿ, ಮೂರ್ಛೆ ಹೋಗಿ, ಅಮ್ಮನ ಮಡಿಲಲ್ಲಿ ಎಚ್ಚೆತ್ತು, ಅವಳ ಮುಖವಾಡ ಕಂಡು ಮತ್ತೆ ಮೂರ್ಛೆ ಹೋಗಿದ್ದ. ಊಟಕ್ಕೆ ಕುಳಿತಾಗಲೆಲ್ಲ ಈ ಕಥೆ ಎದ್ದುಬರುತ್ತಿತ್ತು.

"ಅವತ್ತು ಬೆಳಗ್ಗೆಯಿಂದ ನಾನೇನೂ ತಿಂದಿರಲಿಲ್ಲ ಕಣ್ರೇ, ಅದಕ್ಕೇ ಬಿದ್ದಿದ್ದು," ಎಂದು ಅಪ್ಪ ಗೊಣಗುತ್ತಿದ್ದ.

"ಹೆದರಿಕೇನ ಮುಚ್ಚಿಡದೇ ಇರೋ ಗಂಡಸು ಹೆಂಡತಿ ಹತ್ರ ಏನನ್ನೂ ಮುಚ್ಚಿಡಲ್ಲ," ಎಂಬುದು ಅಜ್ಜಿಯ ತೀರ್ಪು. "ಕಿರುಚದವನಿಗೆ ಈ ಮನೇಲಿ ಹೆಣ್ಣಿಲ್ಲ!"

ಚಿಕ್ಕದೆವ್ವದ ಸಂಕಟವೂ ಇದೇ. ಅವಳ ಮನಸ್ಸು ಕದ್ದವನು ಕಿರುಚುತ್ತಲೇ ಇರಲಿಲ್ಲ.

ಅವನು ಜೈಂಟ್ ವೀಲಿನ ಮೆಕ್ಯಾನಿಕ್. ಚಕ್ರದ ನೆತ್ತಿಗೇರಿ, ಒಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸುತ್ತ ಶಿಳ್ಳೆ ಹಾಕುವ ಭೂಪ. ದಿನವೂ ಸಂಜೆ ಟಿಕೆಟ್ ಕೊಂಡು, ದೆವ್ವದ ಮನೆಯೊಳಗೆ ಹಳಿಯ ಮೇಲೆ ಸುತ್ತುವ ಬಂಡಿಯಲ್ಲಿ ಕೂರುತ್ತಿದ್ದ. ಕತ್ತಲಲ್ಲಿ ಹಿಂದಿನಿಂದ ಬಂದು ಒದ್ದೆ ಕೈಗವಸಿನಿಂದ ಕುತ್ತಿಗೆ ಮುಟ್ಟುವುದು ಅವಳ ಕೆಲಸ. ಇವನೋ, ಆ ಸೆಖೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿ, ಕಂಬದ ಹಾಗೆ ನೆಟ್ಟಗೆ ಕುಳಿತು ಹೊರಗೆ ಹೋಗಿಬಿಡುತ್ತಿದ್ದ.

ಅವಳು ಮುಖವಾಡ ಕಳಚಿ, ಹೊರಬಂದು ಬೆವರಿದ ಹಣೆಯನ್ನು ಗಾಳಿಗೊಡ್ಡಿ ನಿಂತಾಗ, ಬಾಗಿಲಾಚೆ ಕಾದಿದ್ದವನ ಕಣ್ಣು ಒಮ್ಮೆ ಅರಳಿ, ಕಡಲಿನತ್ತ ಓಡಿ, ಕಳ್ಳಹೆಜ್ಜೆಯಲ್ಲಿ ಮತ್ತೆ ಅವಳ ಕೆನ್ನೆಗೇ ಮರಳುತ್ತಿತ್ತು.

"ಹೆದರಿಕೆ ಆಗ್ಲಿಲ್ವಾ?"

"ನಂಗಾ? ಹೆದರಿಕೆನಾ?"

"ಮತ್ತೆ ದಿನಾ ಯಾಕ್ರೀ ಬರ್ತೀರಾ?"

"ಒಳಗಡೆ ತಂಪಾಗಿರತ್ತೆ."

"ತಂಪಿಗೆ ಬರೋರು ಮಫ್ಲರ್ ಸುತ್ಕೊಂಡು ಬರ್ತಾರಾ?"

ಅವನ ಕಿವಿಗಳು ಕೆಂಪಗಾದವು. ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡ.

ಹೀಗೆಯೇ ಸೀಸನ್ನಿನ ಕೊನೆಯ ಸಂಜೆ ಬಂತು. "ನಾಳೆ ಹೊರಡ್ತೀನಿ ಅಜ್ಜಿ. ಬೇರೆ ಊರಲ್ಲಿ ಚಕ್ರ ಕೂರಿಸೋ ಕೆಲಸ," ಎಂದು ಅವನು ಕಿಟಕಿಯಲ್ಲಿ ಹೇಳಿದ್ದು ಒಳಗಿದ್ದ ಅವಳಿಗೂ ಕೇಳಿಸಿತು.

"ಹೋಗೋ ಮುಂಚೆ ಒಂದ್ಸಲ ಬಾಯಿ ಬಿಡಪ್ಪಾ, ಪುಣ್ಯಾತ್ಮ," ಎಂದಳು ಅಜ್ಜಿ.

ಅಷ್ಟು ದಿನವೂ ಬೆನ್ನ ಹಿಂದೆ ನಿಂತಿದ್ದ ಚಿಕ್ಕದೆವ್ವ ಅಂದು ಮನೆಯ ಕಟ್ಟಳೆ ಮುರಿದು, ಹಳಿಯ ಪಕ್ಕದ ಹಿಡಿಯನ್ನೆಳೆದು ಬಂಡಿ ನಿಲ್ಲಿಸಿ, ಅವನ ಎದುರಿಗೇ ಬಂದಳು. ಬುರುಡೆಯ ಕೆಂಪು ಬಲ್ಬಿನ ಬೆಳಕಿನಲ್ಲಿ ಕಂಡದ್ದೇನು? ಕಣ್ಣು ಬಿಗಿಯಾಗಿ ಮುಚ್ಚಿದೆ. ಕಿವಿಯಲ್ಲಿ ಹತ್ತಿ. ತುಟಿಗಳು ಮಗ್ಗಿ ಹೇಳುತ್ತಿವೆ! "ಹದಿಮೂರಾರ್ಲ ಎಪ್ಪತ್ತೆಂಟು, ಹದಿಮೂರೇಳ್ಲ ತೊಂಬತ್ತಮೂರು..."

ಅವಳು ಮೆಲ್ಲನೆ ಒಂದು ಕಿವಿಯ ಹತ್ತಿ ತೆಗೆದಳು. "ತೊಂಬತ್ತೊಂದು ಕಣ್ರೀ."

"ಅಯ್ಯಯ್ಯೋ! ಯಾರು?" ಅವನ ದನಿ ದಾರದಷ್ಟೇ ಇತ್ತು.

"ನಾನೇ. ಯಾವಾಗಿಂದ ಹೀಗೆ ಕಣ್ಣು ಮುಚ್ಕೊಂಡಿದೀರಾ?"

"ಮೊದಲನೇ ದಿನದಿಂದ. ಎತ್ತರ ಎಷ್ಟಿದ್ರೂ ಹತ್ತೀನಿ. ಕತ್ತಲೆ ಅಂದ್ರೆ ಮಾತ್ರ ಜೀವ ಬಾಯಿಗೆ ಬರತ್ತೆ."

"ಮತ್ತೆ ಯಾಕೆ ಬಂದ್ರಿ, ಮಾರಾಯ್ರೇ?"

"ಇದನ್ನ ದಾಟಿದ್ರೆ ತಾನೇ ಆ ಬಾಗಿಲು ಸಿಗೋದು? ಬಾಗಿಲಾಚೆ ನೀವು ನಗ್ತಾ ಬರ್ತೀರಿ. ಅದನ್ನ ನೋಡೋದಕ್ಕೆ."

ಮೂರು ತಲೆಮಾರು ಎಷ್ಟೋ ಎದೆಗಳನ್ನು ನಡುಗಿಸಿದ ಆ ಕತ್ತಲೆಯಲ್ಲಿ, ಮೊದಲ ಬಾರಿಗೆ ದೆವ್ವದ ಎದೆಯೇ ನಡುಗಿತು. ಅವಳು ಮುಖವಾಡ ಕಳಚಿದಳು.

"ಕಣ್ಣು ಬಿಡಿ. ಈಗ ಇಲ್ಲಿರೋದು ನನ್ನ ಮುಖಾನೇ."

ಪಾಪ, ಅವಸರದಲ್ಲಿ ತೀರ ಹತ್ತಿರ ಬಾಗಿದ್ದಳು, ಕೆಂಪು ಬಲ್ಬು ಸರಿಯಾಗಿ ಗಲ್ಲದ ಕೆಳಗಿತ್ತು, ಕೂದಲು ಕೆದರಿತ್ತು. ಅವನು ನಂಬಿ ಕಣ್ಣು ಬಿಟ್ಟ.

ಆ ಕಿರುಚಾಟಕ್ಕೆ ತಗಡಿನ ಮೇಲಿದ್ದ ಕಡಲಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ಕಿಟಕಿಯಲ್ಲಿದ್ದ ಅಜ್ಜಿ ಮೊಣಕಾಲು ಮರೆತು ಎದ್ದು ನಿಂತಳು. "ಇವನೇ ಕಣೇ! ಇವನೇ ನಮ್ಮ ಅಳಿಯ!"

ಪಕ್ಕದಲ್ಲಿ ಮರದ ಕುದುರೆಗಳನ್ನು ತಿರುಗಿಸುತ್ತಿದ್ದ ಅಪ್ಪ ಚೊಂಬು ಹಿಡಿದು ಓಡಿಬಂದ. "ನೀರು ತಂದೆ! ಬಿದ್ನಾ?"

"ಇಲ್ಲಪ್ಪಾ, ಕೂತಿದಾರೆ," ಎಂದಳು ಮಗಳು ನಗುತ್ತ. ತನ್ನ ಕೈಯನ್ನು ಅವನು ಭದ್ರವಾಗಿ ಹಿಡಿದಿರುವುದನ್ನು ಮಾತ್ರ ಹೇಳಲಿಲ್ಲ.

"ಪರವಾಗಿಲ್ಲ, ನನಗಿಂತ ಗಟ್ಟಿ," ಎಂದು ಅಪ್ಪ ತಾನೇ ನೀರು ಕುಡಿದ.

"ಚಕ್ರ ಕೂರಿಸಿ ಬಂದ್ಬಿಡ್ತೀನಿ," ಎಂದ ಅವನು, ಇನ್ನೂ ನಡುಗುತ್ತ. "ಕಾಯ್ತೀರಾ?"

"ನಂಬೋದು ಹೇಗೆ? ಏನಾದ್ರೂ ಅಡ ಇಟ್ಟು ಹೋಗಿ," ಎಂದು ಅವಳು ಮಫ್ಲರ್ ಬಿಚ್ಚಿ ತನ್ನ ಕುತ್ತಿಗೆಗೆ ಸುತ್ತಿಕೊಂಡಳು. ಸೆಖೆಯಿತ್ತು, ತೆಗೆಯಲಿಲ್ಲ.

ವಾಚಕ ಮಹಾಶಯರೇ, ಅವನು ಮರಳಿ ಬಂದ. ಈಗ ಆ ಮನೆಯಲ್ಲಿ ಊಟಕ್ಕೆ ಮೂರು ಕಿರುಚಾಟಗಳ ಕಥೆಯಿದೆ. ಪ್ರವಾಸಕ್ಕೆಂದು ಆ ಊರಿಗೆ ಬಂದಿದ್ದ ನನ್ನ ಚೀಲ ಕಟ್ಟಿಯಾಯಿತು, ಬಸ್ಸು ಹಾರ್ನ್ ಹೊಡೆಯುತ್ತಿದೆ. ಹೊರಡುವ ಮುನ್ನ ನಾನೂ ಒಂದು ಟಿಕೆಟ್ ಕೊಂಡೆ. ಕಿರುಚಿದೆನೋ ಇಲ್ಲವೋ ಎಂಬುದನ್ನು ಅಜ್ಜಿಯನ್ನೇ ಕೇಳಿಕೊಳ್ಳಿ, ನಾನಿನ್ನು ಬರುತ್ತೇನೆ.