ಭಾರ ಹೊರದ ನೆಲ

“ಕಂಬಗಳನ್ನ ಸ್ವಲ್ಪ ದಿನ ಸುಮ್ನೆ ಬಿಡು ಮಗನೇ. ಆಮೇಲೆ ಇನ್ನೊಂದು ಸಲ ಬಡಿದು ನೋಡು,” ಎಂದಳು ಅಡಿಪಾಯದ ಗುಂಡಿಯ ಅಂಚಲ್ಲಿ ನಿಂತ ಮುದುಕಿ ಕುಲ್ಪಾಶ್. ಓಲ್ಜಾಸ್ ನಕ್ಕುಬಿಟ್ಟ.

ಅಲ್ಮಾಟಿಯಿಂದ ಹೊಸದಾಗಿ ಬಂದ ಎಂಜಿನಿಯರ್ ಅವನು. ತಿಳಿಯದವನಾಗಿದ್ದರೆ ಕ್ಷಮಿಸಬಹುದಿತ್ತು. ಎಸಿಲ್ ನದಿಯ ದಡದ ಒದ್ದೆ ಮರಳಿನಲ್ಲಿ ಕಾಂಕ್ರೀಟ್ ಕಂಬ ಬಡಿದರೆ, ಬಂಡೆ ಸಿಕ್ಕ ಹಾಗೆ ಅರ್ಧಕ್ಕೇ ನಿಂತು ನಾಟಕವಾಡುತ್ತದೆ. ಕೆಲವು ದಿನ ಬಿಟ್ಟು ಬಡಿದರೆ ಸರಸರನೆ ಇಳಿಯುತ್ತದೆ. ಈ ಅಸ್ತಾನಾ ನಗರದಲ್ಲಿ ಕಂಬ ಬಡಿಯುವ ಎಲ್ಲರಿಗೂ ಇದು ಗೊತ್ತು. ಅವನಿಗೂ ಗೊತ್ತಿತ್ತು, ಲಫಂಗನಿಗೆ! ಹಿಮ ಬೀಳುವ ಮೊದಲು ಅಡಿಪಾಯ ಮುಗಿಸಿ ಮಾಲೀಕನಿಂದ ಭೇಷ್ ಅನ್ನಿಸಿಕೊಳ್ಳುವ ಆತುರ. ಅರ್ಧಕ್ಕೇ ನಿಂತ ಕಂಬಗಳ ಮೇಲೆ ಉಳಿದ ತಲೆ ಕತ್ತರಿಸಿಬಿಡಿ ಎಂದು ಮೇಸ್ತ್ರಿ ಸೈಲಾವ್‌ಗೆ ಹೇಳಿಯೇಬಿಟ್ಟ.

ಇಂಥದೇ ಆತುರದಲ್ಲಿ ಎದ್ದ ಪಕ್ಕದ ಕಟ್ಟಡ ಕುಸಿದು ಕುಲ್ಪಾಶಳ ಮಗನನ್ನು ನುಂಗಿತ್ತು. ಅವಳು ಅವನ ಗೋರಿಯ ಮಣ್ಣನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದಳು. ಏನೋ ಗೊಣಗಿ, ಉಗುಳಿ, ಎಂಜಿನಿಯರನ ಕಾಲ ಬುಡಕ್ಕೆ ಎಸೆದಳು.

“ನಿಜ ಹೇಳೋ ತನಕ ಈ ನೆಲ ನಿನ್ನನ್ನ ಹೊರದೇ ಇರಲಿ.”

ಗಂಟನ್ನು ಗುಂಡಿಗೆ ಒದ್ದು ಅವನು ಕೆಲಸಕ್ಕೆ ತಿರುಗಿದ.

ಸಂಜೆ ಕತ್ತಲಾಗುತ್ತಿತ್ತು. ಕೊಳೆತ ಜೊಂಡಿನ ವಾಸನೆ ಮೂಗಿಗೆ ಅಡರಿತು. ಸತ್ತವರ ಹೆಸರಲ್ಲಿ ಕರಿಯುವ ರೊಟ್ಟಿಯ ಎಣ್ಣೆಯ ಕಮಟು ಅದರ ಜೊತೆಗೆ. ಗುಂಡಿಯಲ್ಲಿ ನಡೆಯುತ್ತಿದ್ದ ಓಲ್ಜಾಸನ ಬೂಟು ಗಟ್ಟಿ ಜಲ್ಲಿಯೊಳಗೆ ಹೂತಿತು. ಅದೇ ಜಲ್ಲಿಯ ಮೇಲೆ ಸೈಲಾವ್ ಆರಾಮಾಗಿ ನಿಂತಿದ್ದ. ಓಲ್ಜಾಸ್ ಕಾಲು ಕಿತ್ತ. ಇನ್ನೊಂದು ಕಾಲು ಇಳಿಯಿತು. ತೆವಳಿಕೊಂಡು ಹೋಗಿ ತಲೆ ಕತ್ತರಿಸಿದ ಕಂಬವೊಂದನ್ನು ಏರಿದ. ಇದಂತೂ ಅಲುಗದು ಎಂದು ತಾನೇ ಸಹಿ ಹಾಕಿದ ಕಂಬ.

ಕಂಬ ಇಳಿಯಿತು.

ಒಬ್ಬ ಮನುಷ್ಯನ ಭಾರಕ್ಕೆ. ಸದ್ದಿಲ್ಲದೆ. ಸುತ್ತ ಕಪ್ಪು ನೀರು ಉಕ್ಕಿತು. ಮೊಣಕಾಲು ಮುಳುಗಿತು. ತೊಡೆ ಮುಳುಗಿತು. ಕೆಳಗೆ ತಣ್ಣನೆಯದೇನೋ ಪಾದ ಹಿಡಿಯಿತು. ಸೈಲಾವ್ ಎಸೆದ ಹಗ್ಗ ಬಿಗಿಯಿತು, ಆದರೂ ಅವನು ಇಳಿಯುತ್ತಲೇ ಇದ್ದ. ಎದೆ. ಕತ್ತು. ಬಾಯಿಗೆ ಮರಳು ಬಂತು.

“ಸುಳ್ಳು,” ಎಂದು ಕೊನೆಗೆ ಕಿರುಚಿದ. “ಕಂಬ ನಿಂತಿದ್ದು ಸುಳ್ಳು. ನಂಗೆ ಗೊತ್ತಿತ್ತು.”

ನೆಲ ತಕ್ಷಣ ಅವನನ್ನು ಹೊತ್ತು ನಿಂತಿತು. ಕ್ರೇನಿನಿಂದ ಎಳೆದು ತೆಗೆದಾಗ ಅವನ ಎರಡೂ ಕಾಲು ಮೊಣಕಾಲಿನವರೆಗೆ ಕಪ್ಪಾಗಿದ್ದವು. ಆಸ್ಪತ್ರೆಯಲ್ಲಿ ಕತ್ತರಿಸಿದರು.

ಕೆಲವು ದಿನ ಬಿಟ್ಟು ಕಂಬಗಳನ್ನು ಮತ್ತೆ ಬಡಿದರು. ಅರ್ಧಕ್ಕೆ ಒಂದೂ ನಿಲ್ಲಲಿಲ್ಲ, ಎಲ್ಲವೂ ಗಟ್ಟಿ ನೆಲದ ತನಕ ಇಳಿದವು. ಎಷ್ಟೋ ಸಂಸಾರ ಉಳಿದವು ಅಜ್ಜಿ ಎಂದು ಸೈಲಾವ್ ಖುಷಿಯಿಂದ ಕುಲ್ಪಾಶಳಿಗೆ ಹೇಳಲು ಹೋದ.

ಅವಳು ಅವನ ಮುಖವನ್ನೇ ನೋಡಿದಳು.

“ನನ್ನ ಮಗ ಇದ್ದಾಗ ಎಲ್ಲಿ ಹೋಗಿತ್ತೋ ಈ ಬುದ್ಧಿ?”

 ಕುಸಿದ ಆ ಕಟ್ಟಡದ ಕಂಬಗಳನ್ನು ಬಡಿಸಿದವನೂ ಸೈಲಾವನೇ.