ಸೋಮವಾರದ ಸೀಸೆಗಳು

ಮಂಗಳವಾರ ಬೆಳಿಗ್ಗೆ ಹೊಳೆಯ ತುಂಬ ಸತ್ತ ಮೀನುಗಳು ತೇಲುತ್ತಿದ್ದವು. ಹತ್ತು ಗಂಟೆಗೆಲ್ಲ ನಮ್ಮ ಸಂಘದ ಕಚೇರಿಯಲ್ಲಿ ಮೂವರು ಮಾಲೀಕರೂ ಮುಖ ಊದಿಸಿಕೊಂಡು ಕೂತಿದ್ದರು.

ದಡದಲ್ಲಿರುವುದು ಬಟ್ಟೆಗೆ ಬಣ್ಣ ಹಾಕುವ ಮೂರೇ ಕಾರ್ಖಾನೆ: ಸಂಘದ ಅಧ್ಯಕ್ಷರದು, ಟವೆಲ್ ಮಾಲೀಕರದು, ನಾವೆಲ್ಲ ಅಕ್ಕ ಎನ್ನುವ ಹೆಂಗಸಿನದು. ನೀರನ್ನು ಶುದ್ಧ ಮಾಡಿಯೇ ಹೊಳೆಗೆ ಬಿಡುತ್ತೇವೆಂದು, ಯಾರ ಒತ್ತಾಯವೂ ಇಲ್ಲದೆ, ತಾವೇ ಒಪ್ಪಂದ ಬರೆದು ಸಹಿ ಹಾಕಿದವರು ಇವರು. ಪ್ರತಿ ಸೋಮವಾರ ತಂತಮ್ಮ ಕೊಳವೆಯಿಂದ ಹೊರಬೀಳುವ ನೀರನ್ನು ಒಂದು ಸೀಸೆ ತಂದು ಕಚೇರಿಯ ಕಪಾಟಿನಲ್ಲಿಡಬೇಕು. ಮಾತು ತಪ್ಪಿದವರು ಸಂಘದಿಂದ ಹೊರಗೆ. ಸಂಘದ ಮುದ್ರೆಯಿಲ್ಲದ ಬಟ್ಟೆಯನ್ನು ಕೊಳ್ಳುವವರಿಲ್ಲ.

ಕಪಾಟು ನೋಡಿದರೆ ಸಾಕು, ತಪ್ಪು ಯಾರದೆಂದು ಗುಮಾಸ್ತನಾದ ನನಗೂ ಗೊತ್ತಾಗುವಂತಿತ್ತು. ಅಕ್ಕನ ಸೀಸೆಗಳ ತಳದಲ್ಲಿ ಗಸಿ. ಟವೆಲ್ ಮಾಲೀಕರದ್ದರಲ್ಲಿ ಕೊಂಚ. ಒಪ್ಪಂದ ಬರೆದ ಅಧ್ಯಕ್ಷರ ಸೀಸೆಗಳು ಮಾತ್ರ ತಿಳಿಯಾಗಿದ್ದವು.

"ಅಕ್ಕನನ್ನ ಕೈಬಿಡಲೇಬೇಕಾಗುತ್ತೆ," ಎಂದರು ಅಧ್ಯಕ್ಷರು, ಬಹಳ ನೊಂದವರ ಹಾಗೆ. ಅಕ್ಕ, ಗಂಡ ಹೋದ ಮೇಲೆ ನಲವತ್ತು ಕೆಲಸಗಾರರನ್ನು ಕಟ್ಟಿಕೊಂಡು ಏಗುತ್ತಿದ್ದವರು. ನನಗೆ ಸಂಕಟವಾಯಿತು.

ಒಂದು ಗಂಟೆ ತಡೆಯಿರಿ ಎಂದು ಬೇಡಿಕೊಂಡು ಸೋದರತ್ತೆಗೆ ಫೋನ್ ಮಾಡಿದೆ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸವೆಸಿದವರು. ಮನೆಯ ಟೀಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಾರೆ.

ಅತ್ತೆ ಬಂದು ಕಪಾಟನ್ನೊಮ್ಮೆ ನೋಡಿದರು. "ಬಟ್ಟೆಗೆ ಬಣ್ಣ ಹಿಡಿಯೋಕೆ ತೊಟ್ಟಿಗೆ ಏನು ಹಾಕ್ತೀರಿ?"

"ಉಪ್ಪು," ಎಂದರು ಟವೆಲ್ ಮಾಲೀಕರು. "ಮೂವರೂ ಹಾಕ್ತೀವಿ, ಮೂಟೆಗಟ್ಟಲೆ."

"ನೀರು ಶುದ್ಧ ಮಾಡೋ ನಿಮ್ಮ ಯಂತ್ರ ಆ ಉಪ್ಪು ತೆಗೆಯುತ್ತಾ?"

"ಇಲ್ಲ, ಬಣ್ಣ ಮಾತ್ರ," ಎಂದರು ಅಕ್ಕ.

ಅತ್ತೆ ಕಚೇರಿಯ ಟೀ ಒಲೆ ಹಚ್ಚಿಸಿ, ನಿನ್ನೆಯ ಮೂರು ಸೀಸೆಗಳ ನೀರನ್ನು ಮೂರು ಚಮಚಗಳಲ್ಲಿ ಕಾಯಿಸಿ ಇಂಗಿಸಿದರು. ಅಕ್ಕನ ಚಮಚದಲ್ಲಿ ಬಿಳಿ ಉಪ್ಪು ಉಳಿಯಿತು. ಟವೆಲ್ ಮಾಲೀಕರದ್ದರಲ್ಲೂ ಉಳಿಯಿತು. ಮೂರನೆಯದು — ಖಾಲಿ.

"ಗಸಿ ನೋಡಿ ಎಲ್ಲರೂ ಮೋಸಹೋದ್ರಿ," ಎಂದರು ಅತ್ತೆ. "ಶುದ್ಧ ಮಾಡಿದ ಮೇಲೂ ಒಂದಿಷ್ಟು ಗಸಿ ಇದ್ದೇ ಇರುತ್ತೆ. ಉಪ್ಪೇ ಇಲ್ಲ ಅಂದ್ರೆ ಅದು ಬಣ್ಣದ ಕಾರ್ಖಾನೆ ನೀರೇ ಅಲ್ಲ. ಕುಡಿಯೋ ನೀರಿನ ಫಿಲ್ಟರಿಂದ ಹಿಡಿದದ್ದು. ನಿಮ್ಮ ಕೊಳವೆ ನೀರು ಚೆನ್ನಾಗಿದ್ದಿದ್ರೆ ಸುಳ್ಳು ಸೀಸೆ ಯಾಕೆ ಬೇಕಿತ್ತು, ಅಧ್ಯಕ್ಷರೇ?"

ಅಧ್ಯಕ್ಷರು ಆ ಚಮಚವನ್ನು ಪಕ್ಕಕ್ಕೆ ಸರಿಸಿದರು. ತಮ್ಮ ಯಂತ್ರ ಕೆಟ್ಟು ಮೂರು ತಿಂಗಳಾಯಿತು, ಬಿಡಿಭಾಗ ಇನ್ನೂ ಬಂದಿಲ್ಲ ಎಂದರು. ಒಪ್ಪಂದ ಬರೆದ ತಾವೇ ತಪ್ಪಿದೆವೆಂದು ಹೇಳಲು ನಾಚಿಕೆಯಾಯಿತಂತೆ. ಇಷ್ಟು ದಿನ ಸ್ವಲ್ಪಸ್ವಲ್ಪವೇ ಬಿಡುತ್ತಿದ್ದರು. ನಿನ್ನೆ ತೊಟ್ಟಿಗಳು ತುಂಬಿ, ಎಲ್ಲವನ್ನೂ ಒಟ್ಟಿಗೆ ಬಿಟ್ಟಿದ್ದರು.

"ನಾನೇ ಸಂಘ ಬಿಡ್ತೀನಿ," ಎಂದರು.

ಅಕ್ಕ ಎದ್ದು ಅವರದೊಂದು ಸೀಸೆಯನ್ನು ಬರಿದು ಮಾಡಿ ಅವರ ಮುಂದಿಟ್ಟರು.

"ನನ್ನನ್ನ ಹೊರಗೆ ಹಾಕೋಕೆ ಹೊರಟಿದ್ರಿ, ಅಣ್ಣ. ಅದನ್ನ ನಾನು ಮರೆಯಲ್ಲ. ಆದ್ರೆ ಹೊಳೆ ಕಾಯೋಕೆ ಮೂರು ಜನವೂ ಬೇಕು. ಯಂತ್ರ ಸರಿಹೋಗೋವರೆಗೆ ನಿಮ್ಮ ನೀರು ನನ್ನ ಯಂತ್ರಕ್ಕೆ ಕಳಿಸಿ. ಸೋಮವಾರ ನನ್ನ ಕೊಳವೆಯಿಂದ ಈ ಸೀಸೆ ನೀವೇ ತುಂಬಿಸಿ ತನ್ನಿ. ಗಸಿ ಇದ್ರೂ ಪರವಾಗಿಲ್ಲ."